ನಿದ್ದೆ ಮಾಡದ ಸಾಮಾನುಗಳು

2024ರ ಮೇ ತಿಂಗಳಲ್ಲಿ ನಮ್ಮ ಮನೆಗೆ 207 ಯೂನಿಟ್ ಕರೆಂಟು ಬಿಲ್ಲು ಬಂತು. ಕರ್ನಾಟಕದಲ್ಲಿ ಇರುವವರಿಗೆ ಈ ಸಂಖ್ಯೆ ಎಷ್ಟು ಉರಿಸುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗಿರುವವರಿಗೆ ಮಾತ್ರ ಎರಡು ಮಾತು ಹೇಳುತ್ತೇನೆ.

2023ರ ಆಗಸ್ಟಿನಿಂದ ನಮ್ಮಲ್ಲಿ ಗೃಹಜ್ಯೋತಿ ಅನ್ನುವ ಪುಕ್ಕಟೆ ಕರೆಂಟಿನ ಸರ್ಕಾರಿ ಯೋಜನೆ ಬಂದಿದೆ. ತಿಂಗಳಿಗೆ 200 ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಷ್ಟು ಸುಲಭವಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅದಕ್ಕೆ ಶೇಕಡಾ 10 ಸೇರಿಸಿ, ಅಷ್ಟು ಪುಕ್ಕಟೆ. ನಮ್ಮ ಸರಾಸರಿ 168. ಹಾಗಾಗಿ ನಮ್ಮ ಪಾಲು 185. ಅದನ್ನು ದಾಟಿದರೆ ದಾಟಿದ್ದಕ್ಕೆ ಮಾತ್ರ ದುಡ್ಡು ಕಟ್ಟಬೇಕು. 200 ದಾಟಿದಿರೋ, ಮೊದಲ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು. ಏಳು ಯೂನಿಟ್ ಹೆಚ್ಚಾಗಿದ್ದಕ್ಕೆ ನಾನು ಕಟ್ಟಿದ್ದು ಸಾವಿರದ ಏಳುನೂರರ ಹತ್ತಿರ.

ಇದರಲ್ಲಿ ನನಗೆ ಇನ್ನೊಂದು ಹೊಟ್ಟೆಯುರಿ ಇದೆ. 2021ರಲ್ಲೇ ನಾನು ಬುದ್ಧಿವಂತನ ಹಾಗೆ ಮೂರು ಫ್ಯಾನ್ ಬದಲಾಯಿಸಿದ್ದೆ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟರಿನ ಫ್ಯಾನ್ ಅದೇ ಗಾಳಿಗೆ 30 ವ್ಯಾಟ್ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ. ಮೂರಕ್ಕೆ ನಲವತ್ತು. ಹೀಗೆ ಉಳಿಸಿದ್ದರಿಂದಲೇ ನನ್ನ ಸರಾಸರಿ ಇಳಿಯಿತು. ಸರಾಸರಿ ಇಳಿದಿದ್ದರಿಂದ ಪುಕ್ಕಟೆ ಪಾಲೂ ಇಳಿಯಿತು. ಆ ವರ್ಷ ಹಗಲೂ ರಾತ್ರಿ ಹಾಲಿನ ದೀಪ ಉರಿಸಿಕೊಂಡಿದ್ದ ಎದುರು ಮನೆಯವರ ಪಾಲು ಭರ್ತಿ 200. ಸಿಕ್ಕಾಗಲೆಲ್ಲ ಅವರು ನಗುತ್ತಾರೆ. ನಾನೂ ನಗುತ್ತೇನೆ, ಬೇರೇನು ಮಾಡಲಿ?

ಆದರೆ 207 ಹೇಗೆ ಬಂತು? ಎಸಿ ಇಲ್ಲ. ಸ್ನಾನದ ನೀರಿಗೆ ಸೋಲಾರ್ ಇದೆ, ಆಷಾಢದ ಮೋಡ ಕವಿದಾಗ ಮಾತ್ರ ಗೀಸರ್. ಆ ಬೇಸಿಗೆ ಮೈಸೂರಿನಲ್ಲೂ ಸೆಕೆ ಜಾಸ್ತಿ ಇತ್ತು, ಫ್ರಿಜ್ ಸ್ವಲ್ಪ ಹೆಚ್ಚು ದುಡಿದಿರಬಹುದು. ಅಷ್ಟಕ್ಕೆ ಇಷ್ಟಾಗುವುದಿಲ್ಲ. ಮನೆಯಲ್ಲಿ ವಿಚಾರಣೆ ಶುರುವಾಯಿತು. ಅಮ್ಮ ಮಗಳ ಲ್ಯಾಪ್‌ಟಾಪ್ ಕಡೆ ಬೆರಳು ಮಾಡಿದರು. ಮಗಳು ಅಜ್ಜಿಯ ಧಾರಾವಾಹಿಯ ಕಡೆ ತೋರಿಸಿದಳು. ಹೆಂಡತಿ ಸುಮ್ನೆ ನನ್ನನ್ನು ನೋಡಿದಳು.

ಕೊನೆಗೆ ಮೀಟರನ್ನೇ ಕೇಳೋಣ ಅಂದುಕೊಂಡೆ.

ಹಿಂದೆ ಮೀಟರಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ತಟ್ಟೆಯ ಅಂಚಿಗೆ ಒಂದು ಗುರುತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಗುರುತು ಓಡೋಡಿ ಬರುತ್ತಿತ್ತು, ಒಂದೇ ಬಲ್ಬು ಉರಿದರೆ ತೂಕಡಿಸಿಕೊಂಡು ಬರುತ್ತಿತ್ತು. ಯಾರು ಬೇಕಾದರೂ ನೋಡಿ ತಿಳಿದುಕೊಳ್ಳಬಹುದಿತ್ತು. ಈಗಿನ ಮೀಟರಿನಲ್ಲಿ ತಟ್ಟೆ ಇಲ್ಲ, ಒಂದು ಸಣ್ಣ ಕೆಂಪು ದೀಪ ಮಿಣುಕುತ್ತದೆ. ಅದರ ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ನಮ್ಮದರಲ್ಲಿ 3200. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಲೆಕ್ಕ ಸುಲಭ. ಒಂದು ಮಿಣುಕಿನಿಂದ ಇನ್ನೊಂದು ಮಿಣುಕಿಗೆ ಎಷ್ಟು ಸೆಕೆಂಡ್ ಆಯಿತು ನೋಡಿ, 1125ನ್ನು ಅದರಿಂದ ಭಾಗಿಸಿ. ಆ ಕ್ಷಣದಲ್ಲಿ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ಸಿಕ್ಕಿತು. ನಿಮ್ಮ ಮೀಟರಿನ ಸಂಖ್ಯೆ ಬೇರೆ ಇದ್ದರೆ 36 ಲಕ್ಷವನ್ನು ಅದರಿಂದ ಭಾಗಿಸಿ 1125ರ ಜಾಗದಲ್ಲಿ ಹಾಕಿಕೊಳ್ಳಿ. ಯಾವ ಆ್ಯಪೂ ಬೇಡ.

ಒಂದು ರಾತ್ರಿ ಹನ್ನೊಂದೂವರೆಗೆ ಎಲ್ಲ ದೀಪ, ಎಲ್ಲ ಫ್ಯಾನ್ ಆರಿಸಿದೆ. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಸೆಕೆಗೆ ಒಳಗಿನಿಂದ ಮೂರು ಜನ ಬೈಯುತ್ತಿದ್ದರು. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಜಗಲಿಯಲ್ಲಿ ಮೀಟರಿನ ಮುಂದೆ ನಿಂತೆ. ಮನೆಯಲ್ಲಿ ಏನೂ ನಡೆಯುತ್ತಿಲ್ಲ. ಆದರೂ ಕೆಂಪು ದೀಪ ಮಿಣುಕಿತು. ಹದಿನೇಳು ಸೆಕೆಂಡಿಗೆ ಮತ್ತೆ ಮಿಣುಕಿತು. ಮತ್ತೆ ಹದಿನೇಳು.

66 ವ್ಯಾಟ್! ಯಾರೂ ಏನೂ ಬಳಸದೆ ಇರುವಾಗ. ದಿನದ ಇಪ್ಪತ್ನಾಲ್ಕು ಗಂಟೆ, ತಿಂಗಳ ಮೂವತ್ತು ದಿನ ಅಂತ ಲೆಕ್ಕ ಹಾಕಿದರೆ 47 ಯೂನಿಟ್. ಮೂರು ಫ್ಯಾನ್ ಬದಲಾಯಿಸಿ ಉಳಿಸಿದ್ದು ನಲವತ್ತು ಅಂದೆನಲ್ಲ, ಅದನ್ನು ಪೂರ್ತಿ ತಿಂದು ಮೇಲೆ ಏಳು ಯೂನಿಟ್ ಬಾಯಿ ಚಪ್ಪರಿಸಿತ್ತು.

ಒಂದೊಂದೇ ಪ್ಲಗ್ ಕೀಳುತ್ತಾ ಬಂದೆ. ಟಿವಿ, ಸೆಟ್‌ಟಾಪ್ ಬಾಕ್ಸು, ಪಕ್ಕದ ಸ್ಪೀಕರ್ ಕಿತ್ತಾಗ ಹದಿನೇಳು ಸೆಕೆಂಡ್ ಇಪ್ಪತ್ತೈದಾಯಿತು. ವೈಫೈ ರೂಟರ್ ಮತ್ತು ಎರಡು ಕ್ಯಾಮೆರಾ ಕಿತ್ತಾಗ ನಲವತ್ತಾಯಿತು. ಇನ್ವರ್ಟರ್ ಕಿತ್ತ ಮೇಲೆ ಮೀಟರು ಸುಮ್ಮನಾಯಿತು. ನಾಲ್ಕು ನಿಮಿಷ ಕಾದ ಮೇಲೆ ಒಂದು ಸಲ ಮಿಣುಕಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ದೊಡ್ಡ ಕಳ್ಳ ಇನ್ವರ್ಟರ್. ಬ್ಯಾಟರಿಗೆ ಆರು ವರ್ಷ ವಯಸ್ಸಾಗಿತ್ತು. ಮುದಿ ಬ್ಯಾಟರಿ ಎಷ್ಟು ಕುಡಿಸಿದರೂ ತುಂಬುವುದಿಲ್ಲ, ಹಗಲೂ ರಾತ್ರಿ ಚಾರ್ಜ್ ಎಳೆಯುತ್ತಲೇ ಇರುತ್ತದೆ. ವಿಚಿತ್ರ ಅಂದರೆ ಈಗ ಮೈಸೂರಿನಲ್ಲಿ ಕರೆಂಟು ಹೋಗುವುದೇ ಅಪರೂಪ. ತಿಂಗಳಿಗೆ ಎರಡು ಗಂಟೆಯ ಕತ್ತಲೆಗೆ ಹೆದರಿ ಏಳುನೂರು ಗಂಟೆ ಅದನ್ನು ಸಾಕುತ್ತಿದ್ದೆವು.

ಎರಡನೆಯದು ಸೆಟ್‌ಟಾಪ್ ಬಾಕ್ಸು. ಅಮ್ಮ ಪ್ರತಿ ರಾತ್ರಿ ರಿಮೋಟ್ ಒತ್ತಿ ಅದನ್ನು ಆಫ್ ಮಾಡುತ್ತಾರೆ. ಹಸಿರು ದೀಪ ಕೆಂಪಾಗುತ್ತದೆ. ಅಷ್ಟೇ, ಬಣ್ಣ ಬದಲಾಗುತ್ತದೆ. ಕೈಯಿಟ್ಟು ನೋಡಿದರೆ ಬಾಕ್ಸು ಬೆಳಗಿನ ಜಾವ ಮೂರಕ್ಕೂ ಬಿಸಿ ಬಿಸಿ ಇತ್ತು. ಪಕ್ಕದ ಟಿವಿ ಪರವಾಗಿಲ್ಲ, ಆಫ್ ಅಂದರೆ ನಿಜವಾಗಿಯೂ ಮಲಗುತ್ತದೆ. ಅದಕ್ಕೊಂದು ಹಿನ್ನೆಲೆ ಇದೆ. ಮಲಗಿರುವ ಸಾಮಾನು ಒಂದು ವ್ಯಾಟಿಗಿಂತ ಹೆಚ್ಚು ತಿನ್ನಬಾರದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಹೇಳಲು ಶುರು ಮಾಡಿತು. ಯುರೋಪಿನಲ್ಲಿ ಅದು ಕಾನೂನೇ ಆಯಿತು, 2013ರ ಹೊತ್ತಿಗೆ ಮಿತಿ ಅರ್ಧ ವ್ಯಾಟಿಗೆ ಇಳಿಯಿತು. ದೊಡ್ಡ ಕಂಪನಿಗಳು ಅದಕ್ಕೆ ತಕ್ಕಂತೆ ಟಿವಿ ಮಾಡಿದವು, ನಮಗೂ ಅದೇ ಟಿವಿ ಬಂತು. ಆದರೆ ಅಷ್ಟರಲ್ಲಿ ಹೊಸ ಜಾತಿಯ ಸಾಮಾನುಗಳು ಮನೆ ತುಂಬಿದವು. ಇವು ಯಾವಾಗಲೂ ಯಾರದೋ ಕರೆಗೆ ಕಿವಿಗೊಟ್ಟು ಕೂತಿರುತ್ತವೆ. ಮಲಗಿದರೆ ಅವುಗಳ ಕೆಲಸವೇ ಕೆಟ್ಟಿತು.

ಆಫ್ ಅನ್ನುವ ಪದದ ಅರ್ಥ ನಮಗೆ ಗೊತ್ತಿಲ್ಲದಂತೆ ಬದಲಾಗಿದೆ ಅಂತ ನನಗೆ ಹೊಳೆದದ್ದು ಅವತ್ತೇ.

ಅಮ್ಮನಿಗೆ ಮಾತ್ರ ಹಳೆಯ ಅರ್ಥವೇ. ಅವರು ಬೆಳೆದ ಮನೆಯಲ್ಲಿ, ಬಡವರಿಗೆ ಸರ್ಕಾರ ಕೊಡುತ್ತಿದ್ದ ಭಾಗ್ಯಜ್ಯೋತಿಯ ಒಂದೇ ಬಲ್ಬು ಇತ್ತಂತೆ. ಸ್ವಿಚ್ ಅಂದರೆ ಗೋಡೆಯ ಮೇಲಿರುವುದು, ಟಕ್ ಅನ್ನಬೇಕು. ಮಗಳು ಒಂದು ಸ್ಮಾರ್ಟ್ ಬಲ್ಬು ತಂದು ಹಾಲಿಗೆ ಹಾಕಿದಳು. ಫೋನಿನಿಂದ ಬಣ್ಣ ಬದಲಿಸಬಹುದು, ಮಾತಿನಲ್ಲೇ ಆರಿಸಬಹುದು. ಅಮ್ಮ ಮಲಗುವ ಮುಂಚೆ ಗೋಡೆಯ ಸ್ವಿಚ್ ಟಕ್ ಅನ್ನಿಸುತ್ತಾರೆ. ಬೆಳಿಗ್ಗೆ ಮಗಳು ಫೋನು ಹಿಡಿದು ಕೂಗುತ್ತಾಳೆ, ಬಲ್ಬು ಸತ್ತು ಬಿದ್ದಿರುತ್ತದೆ. ಮೂರು ವಾರ ಇಬ್ಬರ ಜಗಳ ನಡೆದು, ಈಗ ಅಲ್ಲಿ ಮತ್ತೆ ಒಂಬತ್ತು ವ್ಯಾಟಿನ ಮಾಮೂಲಿ ಎಲ್‌ಇಡಿ ಇದೆ.

ಹಾಗಂತ ಅಮ್ಮ ಹೇಳಿದ್ದೆಲ್ಲ ಸರಿ ಅಂತಲ್ಲ. ಫೋನ್ ಚಾರ್ಜರ್ ಪ್ಲಗ್ಗಿನಲ್ಲಿ ಬಿಟ್ಟರೆ ಮನೆ ದಿವಾಳಿ ಅನ್ನುವ ಹಾಗೆ ಆಡುತ್ತಾರೆ. ಒಂದು ಫೋನನ್ನು ತಿಂಗಳಿಡೀ ದಿನಾ ತುಂಬಿಸಿದರೂ ಒಂದು ಯೂನಿಟ್ ದಾಟುವುದಿಲ್ಲ, ಸುಮ್ನೆ ನೇತಾಡುವ ಚಾರ್ಜರ್ ಲೆಕ್ಕಕ್ಕೇ ಇಲ್ಲ. ರಾತ್ರಿ ಫ್ರಿಜ್ ಆರಿಸುವುದೂ ತಪ್ಪು. ಬೆಳಿಗ್ಗೆ ಅದೇ ತಣ್ಣಗಾಗಲು ಮತ್ತೆ ಒದ್ದಾಡುತ್ತದೆ, ನಡುವೆ ಹಾಲು ಕೆಡುತ್ತದೆ. ಇಷ್ಟು ಹೇಳಿದರೆ, 'ನಿನ್ನ ಲೆಕ್ಕ ನಿನಗಿರಲಿ' ಅಂತಾರೆ.

ಇನ್ನು ಕಾರಿನ ಕಥೆ.

2019ರಲ್ಲಿ ನಮ್ಮ ದೇಶದಲ್ಲಿ ಇಂಟರ್ನೆಟ್ ಇರುವ ಕಾರುಗಳ ಸುಗ್ಗಿ ಶುರುವಾಯಿತು. ಹುಂಡೈ ವೆನ್ಯೂ, ಎಂಜಿ ಹೆಕ್ಟರ್ ಅದೇ ವರ್ಷ ಬಂದವು. ಹೆಕ್ಟರಿನ ಮೈಮೇಲೆ ಒಳಗೆ ಇಂಟರ್ನೆಟ್ ಇದೆ ಅಂತ ಬಿಲ್ಲೆಯನ್ನೇ ಅಂಟಿಸಿದ್ದರು. ನಾನು ಎರಡು ವರ್ಷ ಬಿಟ್ಟು ಬೇರೊಂದು ಕಂಪನಿಯದು ಕೊಂಡೆ, ಹೆಸರು ಬೇಡ. ಕಾರಿನೊಳಗೇ ಒಂದು ಸಿಮ್ ಕೂತಿರುತ್ತದೆ. ಮೊದಲ ತಿಂಗಳು ನಾನೂ ಮಕ್ಕಳಾಟ ಆಡಿದೆ. ಮನೆಯೊಳಗಿಂದಲೇ ಎಸಿ ಹಾಕುವುದು, ಹಾರನ್ ಮಾಡಿ ಎದುರು ಮನೆಯವರನ್ನು ಬೆಚ್ಚಿಸುವುದು, ಇದೇ ಕೆಲಸ. ಆಮೇಲೆ ಅಭ್ಯಾಸ ತಪ್ಪಿತು. ಬಾಗಿಲು ಲಾಕ್ ಮಾಡಿದೆನೋ ಇಲ್ಲವೋ ಅಂತ ಅರ್ಧ ರಾತ್ರಿ ಎದ್ದು ನೋಡುವವನಿಗೆ ಮಾತ್ರ ಆ್ಯಪು ನಿಜಕ್ಕೂ ಅನುಕೂಲ. ಆ ಚಟ ನನಗಿದೆ, ಒಪ್ಪುತ್ತೇನೆ.

ಅದರಲ್ಲಿ ಡ್ರೈವಿಂಗ್ ಸ್ಕೋರ್ ಅಂತ ಒಂದಿತ್ತು. ನೂರಕ್ಕೆ ಅಂಕ ಕೊಡುತ್ತದೆ. ನನಗೆ 71. ನನ್ನ ಹೆಂಡತಿಗೆ 84, ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ. ಅಂಕ ಯಾಕೆ ಕಡಿಮೆ ಅಂತ ನೋಡಿದರೆ, ಗಟ್ಟಿಯಾಗಿ ಬ್ರೇಕ್ ಹಾಕಿದ್ದಕ್ಕೆ. ಎಲ್ಲಿ ಹಾಕಿದೆ? ಪಿರಿಯಾಪಟ್ಟಣದಿಂದ ನಮ್ಮೂರಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಬಣ್ಣ ಬಳಿಯದ ಹಂಪುಗಳು ಒಂದಲ್ಲ ಎರಡಲ್ಲ. ಮನೆಗೊಂದರಂತೆ ಹಾಕಿಸಿದ್ದಾರೋ ಅನ್ನಬೇಕು. ಬ್ರೇಕ್ ಹಾಕದಿದ್ದರೆ ಕಾರಿನ ಹೊಟ್ಟೆ ಹರಿಯುತ್ತದೆ, ಹಾಕಿದರೆ ಅಂಕ ಹೋಗುತ್ತದೆ. ಹಂಪನ್ನು ಕಾರು ಕಾಣಲಿಲ್ಲ, ನನ್ನ ಕಾಲನ್ನು ಮಾತ್ರ ಕಂಡಿತು.

ನಗುವ ವಿಷಯವೇ. ಆದರೆ ಆ ಅಂಕ ನಾನೊಬ್ಬನೇ ನೋಡುತ್ತೇನಾ? ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ಒಂದು ಸುದ್ದಿ ಹೊರಬಂತು. ಜನರಲ್ ಮೋಟರ್ಸ್ ಕಾರುಗಳು ಎಲ್ಲಿ ಹೇಗೆ ಬ್ರೇಕ್ ಹಾಕಿದವು, ಎಷ್ಟು ವೇಗದಲ್ಲಿ ಓಡಿದವು ಅನ್ನುವ ವಿವರ ಮಾಹಿತಿ ಮಾರುವ ಕಂಪನಿಗಳಿಗೆ ಹೋಗಿ, ಅಲ್ಲಿಂದ ವಿಮೆ ಕಂಪನಿಗಳ ಕೈ ಸೇರಿತ್ತು. ಕೆಲವರಿಗೆ ವಿಮೆಯ ಕಂತು ಏರಿದಾಗಲೇ ತಮ್ಮ ಕಾರು ಚಾಡಿ ಹೇಳುತ್ತಿದೆ ಅಂತ ಗೊತ್ತಾಗಿದ್ದು. ಕಂಪನಿ ಅದೇ ತಿಂಗಳು ಅದನ್ನು ನಿಲ್ಲಿಸಿತು. ಅದಕ್ಕೂ ಮುಂಚೆ 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಸಂಸ್ಥೆ 25 ಕಾರು ಬ್ರ್ಯಾಂಡುಗಳ ಖಾಸಗಿತನದ ನಿಯಮ ಓದಿ ನೋಡಿತ್ತು. ಇಪ್ಪತ್ತೈದೂ ಫೇಲ್.

ನಮ್ಮಲ್ಲೂ ಹೇಗೆ ಓಡಿಸುತ್ತೀರಿ ಅಂತ ನೋಡಿ ಕಂತು ಕಟ್ಟಿಸಿಕೊಳ್ಳುವ ವಿಮೆಗೆ ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಕೇಳಿ, ಒಪ್ಪಿಸಿ, ರಿಯಾಯಿತಿ ಕೊಟ್ಟು ಮಾಡಿದರೆ ನನ್ನ ತಕರಾರಿಲ್ಲ. ಕಡಿಮೆ ಓಡಿಸುವವರು ಜಾಸ್ತಿ ಯಾಕೆ ಕಟ್ಟಬೇಕು? ಆದರೆ ಶೋರೂಮಿನಲ್ಲಿ ಕಾರಿನ ಕೀಲಿ ಕೊಡುವ ದಿನ, ಹಾರ ಹಾಕಿ, ಫೋಟೋ ತೆಗೆದು, ಕೇಕು ಕತ್ತರಿಸುವ ಗದ್ದಲದಲ್ಲಿ ನನ್ನ ಫೋನನ್ನು ಆ ಹುಡುಗನೇ ಇಸಿದುಕೊಂಡು 'ಒಪ್ಪಿದೆ, ಒಪ್ಪಿದೆ' ಅಂತ ಐದಾರು ಸಲ ಒತ್ತಿದ. ಏನಕ್ಕೆ ಒಪ್ಪಿದೆನೋ ಇವತ್ತಿಗೂ ಗೊತ್ತಿಲ್ಲ.

ಮೂರು ವರ್ಷ ಆದ ಮೇಲೆ ಸಂದೇಶ ಬಂತು. ಪುಕ್ಕಟೆ ಅವಧಿ ಮುಗಿದಿದೆ, ಇಷ್ಟು ಕಟ್ಟಿ ಮುಂದುವರಿಸಿ. ನಾನು ಕಟ್ಟಲಿಲ್ಲ. ಆ್ಯಪಿನಲ್ಲಿ ಎಲ್ಲ ಬೂದು ಬಣ್ಣಕ್ಕೆ ತಿರುಗಿತು. ಸರ್ವೀಸಿಗೆ ಬಿಟ್ಟಾಗ ಕೌಂಟರಿನ ಹುಡುಗನನ್ನು ಕೇಳಿದೆ, 'ನನಗೆ ಕಾಣೋದು ನಿಂತಿತು ಸರಿ, ಕಾರು ಕಳಿಸೋದೂ ನಿಂತಿತಾ?' ಅವನು ಪಾಪ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ. ಇನ್ನೂ ಕೇಳುತ್ತಿದ್ದಾನೆ.

ಅದಾದ ಸ್ವಲ್ಪ ದಿನಕ್ಕೆ ನಾವೆಲ್ಲ ರೈಲಿನಲ್ಲಿ ಪುಣೆಗೆ ಹೋದೆವು. ವಾಪಸ್ಸು ಬಂದಾಗ ಮೂರು ವಾರ ಆಗಿತ್ತು. ಕಾರಿನ ಬಾಗಿಲೇ ತೆಗೆಯಲಿಲ್ಲ. ರಿಮೋಟ್ ಕೀಲಿಯೊಳಗೆ ಅಡಗಿರುವ ಸಣ್ಣ ಲೋಹದ ಕೀಲಿ ಹುಡುಕಿ, ಬಾಗಿಲು ತೆಗೆದು, ಗುಂಡಿ ಒತ್ತಿದರೆ ಟಿಕ್ ಟಿಕ್ ಟಿಕ್. ಅಷ್ಟೇ. ಎದುರು ಮನೆಯವರು ತಮ್ಮ ಹಳೆಯ ಮಾರುತಿ 800 ತಂದು ಮೂತಿಗೆ ಮೂತಿ ನಿಲ್ಲಿಸಿದರು. ಎರಡು ವೈರು ಸಿಕ್ಕಿಸಿ, ಐದು ನಿಮಿಷ ಅದನ್ನು ಗುರ್ ಅನ್ನಿಸಿದ ಮೇಲೆ ನಮ್ಮ ಇಂಟರ್ನೆಟ್ ಕಾರಿಗೆ ಜೀವ ಬಂತು. ಆ 800ರಲ್ಲಿ ಕೀಲಿ ತೆಗೆದ ಮೇಲೆ ಎಚ್ಚರ ಇರುವುದು ಏನಾದರೂ ಇದ್ದರೆ ಅದು ಅವರು ಆಮೇಲೆ ಹಾಕಿಸಿದ ಟೇಪ್ ರೆಕಾರ್ಡರಿನ ಗಡಿಯಾರ ಮಾತ್ರ.

ಬ್ಯಾಟರಿ ನೋಡಲು ಬಂದ ಮೆಕ್ಯಾನಿಕ್ ಮೀಟರ್ ಇಟ್ಟು ತೋರಿಸಿದ. ಕಾರು ಬಂದ್ ಮಾಡಿ, ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟರೂ 50 ಮಿಲಿಆಂಪ್ ಎಳೆಯುತ್ತಿತ್ತು. 'ಇವು ಮಲಗಲ್ಲ ಸಾರ್, ಸುಮ್ನೆ ಕಣ್ಣು ಮುಚ್ಕೊಂಡಿರ್ತವೆ' ಅಂದ. 50 ಮಿಲಿಆಂಪ್ ಅಂದರೆ ಏನೂ ಅಲ್ಲ. ಆದರೆ ಇಪ್ಪತ್ತೊಂದು ದಿನಕ್ಕೆ ಅದು 25 ಆಂಪ್ ಅವರ್ ಆಗುತ್ತದೆ. ನಮ್ಮ ಕಾರಿನ ಬ್ಯಾಟರಿ ಇರುವುದೇ 45. ಮೂರು ವರ್ಷ ಹಳತು ಬೇರೆ. ಮನೆಯ ಕೆಂಪು ದೀಪ ನನಗೆ ತಕ್ಷಣ ನೆನಪಾಯಿತು. ನಾನು ದುಡ್ಡು ಕಟ್ಟುವುದು ನಿಲ್ಲಿಸಿದ್ದೆ, ಆ್ಯಪು ಮುಖ ತಿರುಗಿಸಿತ್ತು. ಆದರೂ ಒಳಗೆ ಯಾವುದೋ ಒಂದು ಎದ್ದು ಕೂತು ಯಾರಿಗೋ ಕಾಯುತ್ತಿತ್ತು.

ಇಷ್ಟು ಓದಿದವರು ನನ್ನನ್ನು ತಂತ್ರಜ್ಞಾನದ ವಿರೋಧಿ ಅಂದುಕೊಂಡಿರಬಹುದು. ಹಾಗಿದ್ದರೆ ನನ್ನ ತಮ್ಮನ ಪಂಪಿನ ಸ್ಟಾರ್ಟರ್ ಬಗ್ಗೆ ಹೇಳಲೇಬೇಕು.

ತಮ್ಮ ಊರಿನಲ್ಲಿ ಶುಂಠಿ, ತಂಬಾಕು ಬೆಳೆಯುತ್ತಾನೆ. ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಅಂತ ಲೆಕ್ಕ. ಅದು ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ಮೊದಲೆಲ್ಲ ರಾತ್ರಿ ಎರಡಕ್ಕೆ ಕರೆಂಟು ಬಂದರೆ ಎದ್ದು, ಟಾರ್ಚ್ ಹಿಡಿದು, ಬದುವಿನ ಮೇಲೆ ಮುಕ್ಕಾಲು ಮೈಲಿ ನಡೆಯಬೇಕಿತ್ತು. ಹಾವಿನ ಭಯ, ಆ ಕಡೆಯಿಂದ ಆನೆ ಭಯ. ಹೋಗಿ ಮೋಟರ್ ಹಾಕಿ ಬರುವಷ್ಟರಲ್ಲಿ ಫೇಸ್ ಹೋಗಿರುತ್ತಿತ್ತು. ಈಗ ಪಂಪ್ ಮನೆಯ ಡಬ್ಬದಲ್ಲಿ ಒಂದು ಸಿಮ್ ಇದೆ. ತ್ರೀ ಫೇಸ್ ಬಂದ ತಕ್ಷಣ ಅದು ಇವನಿಗೆ ಫೋನ್ ಮಾಡುತ್ತದೆ. ಇವನು ಮಲಗಿದಲ್ಲೇ ಒಂದು ನಂಬರ್ ಒತ್ತುತ್ತಾನೆ, ಮೋಟರ್ ಓಡುತ್ತದೆ. ಬೋರಿನಲ್ಲಿ ನೀರು ನಿಂತರೆ ತಾನೇ ನಿಲ್ಲುತ್ತದೆ. ಅದಕ್ಕೆ ಬೇಕಾದ್ದು ಒಂದು ಸಣ್ಣ ರೀಚಾರ್ಜ್. ಆ್ಯಪಿಲ್ಲ, ಅಂಕವಿಲ್ಲ, ಬಣ್ಣವಿಲ್ಲ.

ಅದರಲ್ಲೂ ತೊಂದರೆ ಇಲ್ಲವೆಂದಲ್ಲ. ಕೆಲವರು ಅದನ್ನು ಆಟೋದಲ್ಲಿ ಬಿಟ್ಟು ಮಲಗುತ್ತಾರೆ. ಕರೆಂಟು ಬಂದ ಗಳಿಗೆಯಲ್ಲಿ ಒಂದೇ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಹತ್ತು ಹನ್ನೆರಡು ಮೋಟರು ಒಟ್ಟಿಗೆ ಎದ್ದು ಎಳೆಯುತ್ತವೆ, ಟಿಸಿ ಸುಟ್ಟು ಹೋಗುತ್ತದೆ. ಆಮೇಲೆ ಬೇರೆ ಟಿಸಿ ಬರುವವರೆಗೆ ಹತ್ತೂ ಜನ ಒಣಗಬೇಕು. ನಮ್ಮೂರಲ್ಲಿ ಹಾಗೆ ಆದ ಮೇಲೆ ಅವರೇ ಕೂತು ಮಾತಾಡಿಕೊಂಡರು. ಇವನು ಕರೆಂಟು ಬಂದ ಕೂಡಲೇ ಮೋಟರ್ ಹಾಕುವುದು, ಅವನು ಐದು ನಿಮಿಷ ಬಿಟ್ಟು, ಮತ್ತೊಬ್ಬ ಹತ್ತು ನಿಮಿಷ ಬಿಟ್ಟು. ಯಾವ ಕಂಪನಿಯೂ ಹೇಳಿಕೊಡಲಿಲ್ಲ.

ಆ ಡಬ್ಬವೂ ರಾತ್ರಿಯಿಡೀ ಎಚ್ಚರ ಇರುತ್ತದೆ, ನಿಜ. ಆದರೆ ಅದು ಎಚ್ಚರ ಇರುವುದು ನನ್ನ ತಮ್ಮ ಮಲಗಲಿ ಅಂತ. ನಮ್ಮ ಹಾಲಿನ ಡಬ್ಬಗಳು ಯಾರು ಮಲಗಲಿ ಅಂತ ಎಚ್ಚರ ಇವೆ? ಕೆಲವು ರಾತ್ರಿ ಇದೇ ಯೋಚನೆಯಲ್ಲಿ ನನಗೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಆಮೇಲೆ ಮಾಡಿದ್ದು ಬಹಳ ಸಣ್ಣದು. ಇನ್ವರ್ಟರಿನ ಬ್ಯಾಟರಿ ಬದಲಾಯಿಸಿದೆ. ಟಿವಿ ಸಂಸಾರಕ್ಕೆಲ್ಲ ಸೇರಿ ಒಂದು ಸ್ವಿಚ್ ಹಾಕಿಸಿ, ಅಮ್ಮನ ಕೈಗೆಟಕುವ ಎತ್ತರದಲ್ಲಿ ಇರಿಸಿದೆ. ಧಾರಾವಾಹಿ ಮುಗಿದ ಮೇಲೆ ಟಕ್. ಬೆಳಿಗ್ಗೆ ಬಾಕ್ಸು ಎದ್ದು ಚಾನೆಲ್ ತೋರಿಸಲು ಎರಡು ನಿಮಿಷ ಒದ್ದಾಡುತ್ತದೆ, ಅಷ್ಟರಲ್ಲಿ ಕಾಫಿ ಆಗುತ್ತದೆ. ಕ್ಯಾಮೆರಾ ಒಂದು ತೆಗೆದೆ, ಅದು ನೋಡುತ್ತಿದ್ದುದು ಎದುರು ಮನೆಯ ನಾಯಿಯನ್ನು ಮಾತ್ರ. ರೂಟರ್ ರಾತ್ರಿಯೂ ಇರಲಿ ಅಂತ ಮಗಳು ಗೆದ್ದಳು. ಜುಲೈ ಬಿಲ್ಲು 171. ಸೊನ್ನೆ ರೂಪಾಯಿ.

ಸೊನ್ನೆ ಬಿಲ್ಲಿಗೂ ಒಂದು ಮಂಪರು ಇದೆ. ಛಾವಣಿಗೆ ಸೋಲಾರ್ ಫಲಕ ಹಾಕಿಸಿದರೆ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಕೊಡುತ್ತದೆ. ನಮ್ಮ ಬೀದಿಯಲ್ಲಿ ಯಾರೂ ಹಾಕಿಸಿಲ್ಲ. ಪುಕ್ಕಟೆ ಕರೆಂಟು ಇರುವಾಗ ಯಾರು ಒಂದು ಲಕ್ಷ ಹಾಕುತ್ತಾರೆ? ನಾನೂ ಹಾಕಿಸಿಲ್ಲ. ಬೈಯುವ ಹಕ್ಕು ನನಗಿಲ್ಲ.

ಹೋದ ತಿಂಗಳು ಊರಹಬ್ಬಕ್ಕೆ ಹತ್ತು ದಿನ ಬಸ್ಸಿನಲ್ಲಿ ಹೋಗುವುದು ಅಂತಾಯಿತು. ಅಮ್ಮ ಹಿಂದಿನ ದಿನವೇ ಫ್ರಿಜ್ ಖಾಲಿ ಮಾಡಿಸಿ ಒರೆಸಿದ್ದರು. ಹೊರಡುವಾಗ ಎಲ್ಲ ಕಿಟಕಿ ಹಾಕಿ, ಗ್ಯಾಸ್ ನೋಡಿ, ಕೊನೆಗೆ ಜಗಲಿಗೆ ಬಂದು ಮೇನ್ ಸ್ವಿಚ್ ಕೆಳಗೆ ಎಳೆದರು. ಕೆಂಪು ದೀಪದ ಮುಂದೆ ಒಂದು ನಿಮಿಷ ನಿಂತು, ಮಿಣುಕುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಗೇಟಿನ ಹತ್ತಿರ ಬಂದವರು ಕಾರಿನ ಮುಂದೆ ನಿಂತುಬಿಟ್ಟರು.

'ಇದರ ಮೇನ್ ಎಲ್ಲಿದೆಯೋ?'

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ನಾನು ಬ್ಯಾಗು ಕೆಳಗಿಟ್ಟು, ಹತ್ತನೇ ನಂಬರ್ ಸ್ಪ್ಯಾನರ್ ತರಲು ಒಳಗೆ ಹೋದೆ.